ಫಲಕದ ಮೇಲೆ ಗಂಡನ ಇನಿಷಿಯಲ್

ನಮ್ಮ ಬಡಾವಣೆಯ ಲಾನ್ ಬೌಲ್ಸ್ ಕ್ಲಬ್ಬಿನ ಉಗ್ರಾಣದಲ್ಲಿ, ಮಡಚಿಟ್ಟ ಕುರ್ಚಿಗಳ ಹಿಂದೆ, ಒಂದು ಮರದ ಫಲಕವನ್ನು ಗೋಡೆಗೆ ಒರಗಿಸಿ ಇಟ್ಟಿದ್ದಾರೆ. ಕಂದು ಮರ, ಅದರ ಮೇಲೆ ಬಂಗಾರದ ಬಣ್ಣದ ಅಕ್ಷರ. ಮಹಿಳಾ ಕ್ಲಬ್ಬಿನ ಅಧ್ಯಕ್ಷೆಯರ ಪಟ್ಟಿ ಅದು. ಆದರೆ ಮೇಲಿನಿಂದ ಓದುತ್ತ ಬಂದರೆ ಮುಕ್ಕಾಲು ಪಾಲು ಸಾಲುಗಳಲ್ಲಿ ಒಬ್ಬ ಹೆಂಗಸಿನ ಹೆಸರೂ ಸಿಗುವುದಿಲ್ಲ. ‘ಮಿಸೆಸ್ ಜೆ. ಡಬ್ಲ್ಯೂ.’ ಎಂದು ಶುರುವಾಗಿ ಮನೆತನದ ಹೆಸರಿನಲ್ಲಿ ಸಾಲು ಮುಗಿಯುತ್ತದೆ. ಆ ‘ಜೆ.’ ಅವರ ಗಂಡನದು. ‘ಡಬ್ಲ್ಯೂ.’ ಕೂಡ ಗಂಡನದೇ.

ಕಳೆದ ತಿಂಗಳು ಆ ಫಲಕವನ್ನು ನೋಡಿದ ಮೇಲೆ ನನಗೆ ಇದನ್ನು ಬರೆಯದೆ ಇರಲು ಆಗುತ್ತಿಲ್ಲ.

ನಾನು ಕುಂದಾಪುರದ ಕಡೆಯವಳು. ಮೆಲ್ಬರ್ನಿಗೆ ಬಂದಾಗ ಸಮುದ್ರ ಕಾಣುವಷ್ಟು ಹತ್ತಿರ ಮನೆ ಬೇಕು ಎಂದು ಹಟ ಹಿಡಿದೆ. ಹಾಗಾಗಿ ನಗರದ ದಕ್ಷಿಣಕ್ಕೆ ಪೋರ್ಟ್ ಫಿಲಿಪ್ ಕೊಲ್ಲಿಯ ದಂಡೆಗೆ ಬಂದು ನೆಲೆಸಿದೆವು. ಮನೆಯಿಂದ ಕಡಲಿಗೆ ಹೋಗುವ ದಾರಿಯಲ್ಲಿಯೇ ಈ ಕ್ಲಬ್ಬು. ಬೇಲಿಯಾಚೆ ಬಿಳಿ ಬಟ್ಟೆಯ ವೃದ್ಧರು ಬಗ್ಗಿ ಬಗ್ಗಿ ಏನನ್ನೋ ಉರುಳಿಸುವುದನ್ನು ಎಷ್ಟೋ ವರ್ಷ ಸುಮ್ಮನೆ ನೋಡಿಕೊಂಡು ಹೋಗಿದ್ದೇನೆ. ನನ್ನನ್ನು ಒಳಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಅಜ್ಜಿ. ಇಲ್ಲಿನ ರೂಢಿಯಂತೆ ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ. ಮನಸ್ಸಿನಲ್ಲಿ ಮಾತ್ರ ಅವರು ನನಗೆ ಅಜ್ಜಿಯೇ. ಎಂಬತ್ತೇಳು ವರ್ಷ, ಮೊಣಕಾಲಿಗೆ ಪಟ್ಟಿ. ಆದರೂ ಬುಧವಾರದ ಆಟವನ್ನು ತಪ್ಪಿಸುವವರಲ್ಲ.

ಲಾನ್ ಬೌಲ್ಸ್ ಎಂದರೆ ಕ್ರಿಕೆಟಿನ ಬೌಲಿಂಗ್ ಅಲ್ಲ, ಮಾಲುಗಳಲ್ಲಿ ಹತ್ತು ಪಿನ್ನು ಉರುಳಿಸುವ ಆಟವೂ ಅಲ್ಲ. ಮೊದಲು ‘ಜ್ಯಾಕ್’ ಎಂಬ ಸಣ್ಣ ಚೆಂಡನ್ನು ದೂರಕ್ಕೆ ಉರುಳಿಸುತ್ತಾರೆ. ಆಮೇಲೆ ಒಂದೂವರೆ ಕಿಲೋ ತೂಗುವ ಬೌಲ್‌ಗಳನ್ನು ಅದರ ಹತ್ತಿರಕ್ಕೆ ಕಳಿಸಬೇಕು. ಯಾರ ಬೌಲ್ ಹೆಚ್ಚು ಹತ್ತಿರವೋ ಅವರಿಗೆ ಅಂಕ. ಕೇಳಲು ಸುಲಭ. ಆದರೆ ಬೌಲ್ ಪೂರ್ತಿ ಗುಂಡಗಿರುವುದಿಲ್ಲ. ಅದರ ಎರಡು ಬದಿಗಳ ಆಕಾರ ಬೇರೆ ಬೇರೆ. ವೇಗ ಇರುವಷ್ಟು ಹೊತ್ತು ಹೆಚ್ಚು ಕಡಿಮೆ ನೆಟ್ಟಗೆ ಹೋಗಿ, ವೇಗ ತಗ್ಗಿದಂತೆ ಒಂದು ಪಕ್ಕಕ್ಕೆ ಬಾಗುತ್ತದೆ. ಜ್ಯಾಕನ್ನೇ ಗುರಿಯಿಟ್ಟು ಬಿಟ್ಟರೆ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಅಜ್ಜಿ ನನ್ನ ಬೆರಳುಗಳನ್ನು ಒಂದೊಂದಾಗಿ ಜೋಡಿಸಿ, ಬೌಲಿನ ಮೇಲಿನ ಚಿಕ್ಕ ಗುರುತು ಯಾವ ಬದಿಗಿದೆ ಎಂದು ಹೆಬ್ಬೆರಳಿನಿಂದ ಮುಟ್ಟಿಸಿ, ಜ್ಯಾಕಿನಿಂದ ಎಷ್ಟೋ ಆಚೆಗಿದ್ದ ಒಂದು ಒಣ ಹುಲ್ಲಿನ ಕಲೆಯನ್ನು ತೋರಿಸಿದರು. ಅಲ್ಲಿಗೆ ಬಿಡು, ಅದು ತಾನಾಗಿ ಮನೆಗೆ ಬರುತ್ತದೆ ಎಂದರು. ಬಂತು. ಕೊಲ್ಲಿಯ ಗಾಳಿ ಬೀಸಿದ ದಿನ ಮಾತ್ರ ಆ ಲೆಕ್ಕವನ್ನೂ ಬದಲಿಸಬೇಕು.

ಈ ಆಟವನ್ನು ಮಹಿಳೆಯರು ಇಲ್ಲಿ ಇಂದು ನಿನ್ನೆ ಆಡಲು ತೊಡಗಿದ್ದಲ್ಲ. ವಿಕ್ಟೋರಿಯಾ ರಾಜ್ಯದ ಚಿನ್ನದ ಗಣಿಯ ಊರು ಸ್ಟಾವೆಲ್‌ನಲ್ಲಿ 1881ರಲ್ಲಿಯೇ ಮಹಿಳೆಯರು ಪಂದ್ಯ ಆಡಿದ್ದರು. 1907ರಲ್ಲಿ ಈ ರಾಜ್ಯದ ಮಹಿಳೆಯರು ತಮ್ಮದೇ ಬೌಲಿಂಗ್ ಸಂಘವನ್ನು ಕಟ್ಟಿದರು. ಜಗತ್ತಿನಲ್ಲಿ ಅಂಥದು ಅದೇ ಮೊದಲು. ಆ ಇಸವಿಯನ್ನು ಸ್ವಲ್ಪ ಗಮನಿಸಿ. ವಿಕ್ಟೋರಿಯಾದ ವಿಧಾನಸಭೆಗೆ ಮತ ಹಾಕುವ ಹಕ್ಕು ಇಲ್ಲಿನ ಹೆಂಗಸರಿಗೆ ಸಿಕ್ಕಿದ್ದು 1908ರಲ್ಲಿ. ಅಂದರೆ ರಾಜ್ಯ ಸರ್ಕಾರವನ್ನು ಆರಿಸುವ ಮೊದಲೇ ಅವರು ತಮ್ಮ ಅಧ್ಯಕ್ಷೆಯನ್ನು, ಕಾರ್ಯದರ್ಶಿಯನ್ನು, ಖಜಾಂಚಿಯನ್ನು ತಾವೇ ಆರಿಸಿಕೊಂಡಿದ್ದರು. ನನಗೆ ಇದು ಬರೀ ಆಟದ ಸುದ್ದಿಯಾಗಿ ಕಾಣುವುದಿಲ್ಲ.

ಆದರೆ ಗ್ರೀನ್, ಅಂದರೆ ಆಟದ ಹುಲ್ಲಿನ ಅಂಗಳ, ಗಂಡಸರದಾಗಿತ್ತು. ಕಡಲ ದಂಡೆಯ ಇಂಥ ಕ್ಲಬ್ಬುಗಳಲ್ಲಿ ಹೆಂಗಸರು ಬಹುಕಾಲ ‘ಅಸೋಸಿಯೇಟ್’ ಸದಸ್ಯರು. ಚಂದಾ ಕಟ್ಟಬಹುದು, ಮುಖ್ಯ ಸಭೆಯಲ್ಲಿ ಮತ ಹಾಕುವಂತಿಲ್ಲ. ವಾರದ ನಡುವೆ ಆಡಬಹುದು, ಶನಿವಾರದ ಗ್ರೀನ್ ಗಂಡಸರಿಗೆ. ಆ ಶನಿವಾರ ಹೆಂಗಸರು ಬರಬೇಕಾದದ್ದು ಚಹಾ ಮತ್ತು ಸ್ಯಾಂಡ್‌ವಿಚ್ ಮಾಡಲು. ಅಜ್ಜಿ ಸೇರಿದ ಕಾಲದಲ್ಲಿ ಬಿಳಿ ಲಂಗ, ಕಾಲುಚೀಲ, ಟೋಪಿ ಇಲ್ಲದೆ ಗ್ರೀನಿಗೆ ಇಳಿಯುವಂತಿರಲಿಲ್ಲವಂತೆ. ಲಂಗದ ಅಂಚು ನೆಲದಿಂದ ಎಷ್ಟು ಎತ್ತರದಲ್ಲಿದೆ ಎಂದು ಅಳತೆಪಟ್ಟಿ ಹಿಡಿದು ನೋಡುತ್ತಿದ್ದರು ಎಂದು ಅವರು ಹೇಳಿದಾಗ ನಾನು ನಂಬಲಿಲ್ಲ. ಅವರು ಕಪಾಟಿನಿಂದ ತಮ್ಮ ಹಳೆಯ ಲಂಗವನ್ನು ತೆಗೆದು ತೋರಿಸಿದರು. ಅಂಚಿನ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಮತ್ತೆ ಹೊಲಿದ ಗುರುತು ಬಟ್ಟೆಯ ಮೇಲೆ ಇನ್ನೂ ಇತ್ತು.

ಆ ಅಡುಗೆಮನೆಯ ದುಡ್ಡಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಚಹಾ ಮಾರಿ, ಕೇಕ್ ಮಾರಿ, ಲಾಟರಿ ಎತ್ತಿ ಮಹಿಳಾ ಕ್ಲಬ್ಬು ಕೂಡಿಸಿದ ಹಣದಿಂದಲೇ ನಮ್ಮ ಕ್ಲಬ್ಬಿನ ಹೊಸ ಛಾವಣಿ ಬಂತು ಎನ್ನುತ್ತಾರೆ ಅಜ್ಜಿ. ಆ ಲೆಕ್ಕಪುಸ್ತಕಗಳು ಅವರ ಮನೆಯ ರಟ್ಟಿನ ಪೆಟ್ಟಿಗೆಯಲ್ಲಿವೆ. ನೀಲಿ ಶಾಯಿಯಲ್ಲಿ ಹಾಲು ಇಷ್ಟು, ಸಕ್ಕರೆ ಇಷ್ಟು, ಒಡೆದ ಕಪ್ಪುಗಳು ಇಷ್ಟು ಎಂದು ಬರೆದಿದ್ದಾರೆ. ಅದನ್ನು ಓದುವಾಗ ನನಗೆ ಅಮ್ಮನ ಮಹಿಳಾ ಸಮಾಜದ ಲೆಕ್ಕದ ಪುಸ್ತಕ ಕಣ್ಣೆದುರಿಗೆ ಬಂತು. ಅಲ್ಲಿಯೂ ಹಾಗೆಯೇ, ಕೊನೆಯ ನಾಲ್ಕಾಣೆಯ ಲೆಕ್ಕವೂ ತಾಳೆಯಾಗಬೇಕು. ಸಭೆ ನಡೆಸುವುದನ್ನು, ನಡಾವಳಿ ಬರೆಯುವುದನ್ನು, ಎದುರು ಮಾತನ್ನು ಕೇಳಿಸಿಕೊಂಡು ಉತ್ತರ ಕೊಡುವುದನ್ನು ಅಮ್ಮ ಕಲಿತದ್ದು ಅಲ್ಲಿ.

ಆಸ್ಟ್ರೇಲಿಯಾದ ಮಹಿಳಾ ಬೌಲಿಂಗ್ ಮಂಡಳಿ 1947ರಲ್ಲಿ ಸ್ಥಾಪನೆಯಾಯಿತು. ಗಂಡಸರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1966ರಲ್ಲಿ ಸಿಡ್ನಿಯಲ್ಲಿ ನಡೆದರೆ, ಮೂರೇ ವರ್ಷದಲ್ಲಿ, 1969ರಲ್ಲಿ, ಮಹಿಳೆಯರದೂ ಅದೇ ನಗರದಲ್ಲಿ ನಡೆಯಿತು. ಸಿಂಗಲ್ಸ್ ಗೆದ್ದವರು ಆತಿಥೇಯ ದೇಶದವರಲ್ಲ, ಪಪುವಾ ನ್ಯೂಗಿನಿಯ ಗ್ಲಾಡಿಸ್ ಡಾಯ್ಲ್. ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಮಾತ್ರ ಕಾಯಬೇಕಾಯಿತು. 1930ರ ಮೊದಲ ಕೂಟದಲ್ಲಿಯೇ ಗಂಡಸರ ಬೌಲ್ಸ್ ಇತ್ತು. ಮಹಿಳೆಯರಿಗೆ ಅವಕಾಶ ಸಿಕ್ಕಿದ್ದು 1982ರಲ್ಲಿ, ಬ್ರಿಸ್ಬೇನ್‌ನಲ್ಲಿ. ಐವತ್ತೆರಡು ವರ್ಷ! ಎಂಟು ವರ್ಷದ ನಂತರ ಆಕ್ಲೆಂಡ್‌ನಲ್ಲಿ ಮತ್ತೆ ಪಪುವಾ ನ್ಯೂಗಿನಿಯ ಮಹಿಳೆಯೇ, ಗೆವುಆ ಟಾವು, ಸಿಂಗಲ್ಸ್ ಚಿನ್ನ ಗೆದ್ದರು.

ಆಮೇಲೆ ವಿಲೀನದ ಕಾಲ. ಲಿಂಗ ತಾರತಮ್ಯದ ವಿರುದ್ಧ ಆಸ್ಟ್ರೇಲಿಯಾದಲ್ಲಿ 1984ರಲ್ಲಿ ಕಾನೂನು ಬಂದಮೇಲೆ ‘ಅಸೋಸಿಯೇಟ್’ ಎಂಬ ಕೆಳದರ್ಜೆಯ ಸದಸ್ಯತ್ವ ಉಳಿಯುವಂತಿರಲಿಲ್ಲ. ನಿಧಾನವಾಗಿ ಗಂಡಸರ ಸಂಘ, ಹೆಂಗಸರ ಸಂಘ ಎಂಬ ಎರಡು ಮನೆಗಳು ಒಂದಾದವು. ಇಂಗ್ಲೆಂಡಿನಲ್ಲಿಯೂ 1931ರಲ್ಲಿ ಹುಟ್ಟಿದ ಮಹಿಳಾ ಸಂಘ 2008ರಲ್ಲಿ ಗಂಡಸರ ಸಂಘದ ಜೊತೆ ಸೇರಿತು. ಇದು ಆಗಬೇಕಾದದ್ದೇ. ಆದರೆ ಒಂದಾಗುವಾಗ ಯಾರ ಮೇಜು ಉಳಿಯಿತು, ಯಾರ ಕುರ್ಚಿ ಹೊರಗೆ ಹೋಯಿತು ಎಂದು ಕೇಳಬೇಕಲ್ಲವೇ? ನಮ್ಮ ಕ್ಲಬ್ಬಿನಲ್ಲಿ ಎರಡು ಸಮಿತಿ ಹೋಗಿ ಒಂದಾಯಿತು. ಅಲ್ಲಿಯವರೆಗೆ ಪ್ರತಿ ವರ್ಷ ಒಬ್ಬ ಅಧ್ಯಕ್ಷೆ ಇದ್ದೇ ಇರುತ್ತಿದ್ದರು. ಅದಾದ ಮೇಲೆ ಇಂದಿನವರೆಗೆ ಒಬ್ಬರೇ ಒಬ್ಬರು ಮಹಿಳೆ ಆ ಸ್ಥಾನಕ್ಕೆ ಬಂದಿದ್ದಾರೆ. ಮತದ ಹಕ್ಕು ಸಿಕ್ಕಿತು, ಸಭೆ ನಡೆಸುವ ಅಭ್ಯಾಸ ಕೈಬಿಟ್ಟುಹೋಯಿತು. ಕಟ್ಟಡ ನವೀಕರಣವಾದಾಗ ಗಂಡಸರ ಫಲಕಗಳು ಹೊಸ ಗೋಡೆಗೆ ಏರಿದವು. ಮಹಿಳೆಯರದಕ್ಕೆ ಜಾಗ ಸಾಲಲಿಲ್ಲವಂತೆ. ಇದನ್ನು ಹೇಳುವಾಗ ಅಜ್ಜಿಯ ದನಿ ಏರಲಿಲ್ಲ. ನನಗೆ ಮಾತ್ರ ಸಿಟ್ಟು ತಡೆಯಲಾಗಲಿಲ್ಲ.

2022ರ ಆಗಸ್ಟ್ 2ರಂದು ನಾವಿಬ್ಬರೂ ಅವರ ಮನೆಯ ಸೋಫಾದಲ್ಲಿ ಕುಳಿತು ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದ ಮಹಿಳಾ ಫೋರ್ಸ್, ಅಂದರೆ ನಾಲ್ವರ ತಂಡಗಳ, ಬೌಲ್ಸ್ ಫೈನಲ್ ನೋಡಿದೆವು. ಪಂದ್ಯ ನಡೆದದ್ದು ಲೆಮಿಂಗ್ಟನ್ ಸ್ಪಾದ ವಿಕ್ಟೋರಿಯಾ ಪಾರ್ಕಿನಲ್ಲಿ. ಇಂಗ್ಲೆಂಡಿನ ಮಹಿಳೆಯರ ರಾಷ್ಟ್ರೀಯ ಸ್ಪರ್ಧೆಗಳು ದಶಕಗಳಿಂದ ನಡೆದ ಅಂಗಳವದು. ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ ದಕ್ಷಿಣ ಆಫ್ರಿಕಾವನ್ನು 17-10ರಿಂದ ಸೋಲಿಸಿದರು. ಈ ಕೂಟದ ಬೌಲ್ಸ್‌ನಲ್ಲಿ ಭಾರತಕ್ಕೆ ಅದೇ ಮೊದಲ ಪದಕ, ಅದೂ ಚಿನ್ನ. ನಾನು ಕಣ್ಣೊರೆಸಿಕೊಳ್ಳುತ್ತಿದ್ದರೆ ಅಜ್ಜಿ ಪರದೆಯ ಮೂಲೆಯಲ್ಲಿದ್ದ ಹೆಸರುಗಳನ್ನು ತಡೆದು ತಡೆದು ಓದುತ್ತಿದ್ದರು. ಎಲ್ಲ ಅವರವರದೇ ಹೆಸರು ಎಂದರು. ಆ ಮಾತಿನ ತೂಕ ನನಗೆ ಅರ್ಥವಾದದ್ದು ಈಗ, ಉಗ್ರಾಣದಲ್ಲಿ ಫಲಕ ನೋಡಿದ ಮೇಲೆ.

ಈಗ ಪ್ರತಿ ಬುಧವಾರ ಆಟ ಮುಗಿದ ಮೇಲೆ ನಾವಿಬ್ಬರೂ ಫಲಕದ ಫೋಟೋ ಮುಂದಿಟ್ಟುಕೊಂಡು ಕೂರುತ್ತೇವೆ. ‘ಮಿಸೆಸ್ ಜೆ. ಡಬ್ಲ್ಯೂ.’ ಯಾರು, ಅವರ ಸ್ವಂತ ಹೆಸರೇನು, ಎಡಗೈಯಲ್ಲಿ ಆಡುತ್ತಿದ್ದರೇ, ಯಾವ ಬೀದಿಯವರು ಎಂದು ಅಜ್ಜಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ಮೂವತ್ತೊಂದು ಸಾಲುಗಳಲ್ಲಿ ಇಪ್ಪತ್ತೆರಡಕ್ಕೆ ಹೆಸರು ಸಿಕ್ಕಿದೆ. ಕೆಲವನ್ನು ಅಜ್ಜಿ ಥಟ್ಟನೆ ಹೇಳಿದರು. ಕೆಲವಕ್ಕೆ ವೃದ್ಧಾಶ್ರಮದಲ್ಲಿರುವ ಗೆಳತಿಯರಿಗೆ ಫೋನ್ ಮಾಡಬೇಕಾಯಿತು. ಪಟ್ಟಿ ಪೂರ್ತಿಯಾದ ಮೇಲೆ ಸಮಿತಿಯ ಮುಂದೆ ಇಡುತ್ತೇವೆ, ಫಲಕವನ್ನು ಗೋಡೆಗೆ ಏರಿಸಿ ಪಕ್ಕದಲ್ಲಿ ಈ ಹೆಸರುಗಳನ್ನೂ ಹಾಕಿ ಎಂದು ಕೇಳುತ್ತೇವೆ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಇಂಗ್ಲೆಂಡಿನಲ್ಲಿರುವ ಕನ್ನಡದ ಗೆಳತಿಯರೇ, ನಿಮ್ಮ ಮನೆಯ ಹತ್ತಿರವೂ ಇಂಥದೊಂದು ಕ್ಲಬ್ಬು ಇರುತ್ತದೆ. ಒಮ್ಮೆ ಒಳಗೆ ಹೋಗಿ, ಮಹಿಳೆಯರ ಫಲಕ ಎಲ್ಲಿದೆ ಎಂದು ಕೇಳಿ. ಅಲ್ಲಿ ಆಡುವ ಅತ್ಯಂತ ಹಿರಿಯ ಹೆಂಗಸಿನ ಪಕ್ಕದಲ್ಲಿ ಒಂದು ಗಂಟೆ ಕುಳಿತುಕೊಳ್ಳಿ, ಪೆನ್ನು ಜೊತೆಗಿರಲಿ. ನಮಗೆ ಇನ್ನೂ ಒಂಬತ್ತು ಹೆಸರು ಬೇಕು. ಅಜ್ಜಿಗೆ ಮುಂದಿನ ತಿಂಗಳು ಎಂಬತ್ತೆಂಟು ತುಂಬುತ್ತದೆ.