ಸಡಿಲ ಬೆಲ್ಟಿನ ಸಹಾನ

ಬೆಂಗಳೂರಿನ ಕೃಷ್ಣರಾವ್ ಪಾರ್ಕಿನಲ್ಲಿ ಎಲ್ಲರೂ ಬಲಕ್ಕೆ ಸುತ್ತುತ್ತಾರೆ. ಹೋದ ವಾರದಿಂದ ನಾನು ಎಡಕ್ಕೆ ಸುತ್ತುತ್ತಿದ್ದೇನೆ. ಒಬ್ಬರಿಂದ ತಪ್ಪಿಸಿಕೊಳ್ಳಲು ಮಾಡಿದ ಉಪಾಯ ಇದು. ಎದುರುಬದುರು ಸುತ್ತಿದರೆ ಪ್ರತಿ ಸುತ್ತಿಗೂ ಅವರು ಎರಡು ಸಲ ಸಿಗುತ್ತಾರೆ ಅನ್ನುವುದು ಹೊಳೆದದ್ದು ಆಮೇಲೆ.

ಅವರು ಬ್ಯಾಂಕಿನಿಂದ ರಿಟೈರ್ ಆದವರು. ಒಳ್ಳೆಯ ಮನುಷ್ಯರು. ದಿನಾ ಬೆಳಗ್ಗೆ 8ಕ್ಕೆ ವಾಟ್ಸಾಪಿನಲ್ಲಿ ಒಂದು ಹಳೆಯ ಸಂಗೀತ ಕಚೇರಿಯ ಲಿಂಕ್ ಕಳಿಸುತ್ತಾರೆ. ಮರುದಿನ 6ಕ್ಕೆ ಪಾರ್ಕಿನಲ್ಲಿ ಪರೀಕ್ಷೆ. "ಕೇಳಿದ್ರಾ?" ಕೇಳಿದೆ ಅಂದರೆ ಮುಗಿಯಲಿಲ್ಲ. "ಹೇಗನ್ನಿಸ್ತು?" ಚೆನ್ನಾಗಿತ್ತು ಅಂದರೂ ಬಿಡುವುದಿಲ್ಲ. "ಅಲ್ಲ ಸ್ವಾಮಿ, ಆ 31ನೇ ನಿಮಿಷದಲ್ಲಿ ಗಾಂಧಾರ ಹಿಡೀತಾರಲ್ಲ, ಅದು?"

ನನ್ನ ಮನೆಯಲ್ಲಿ 31ನೇ ನಿಮಿಷದಲ್ಲಿ ಏನಾಗುತ್ತಿತ್ತು ಅಂತ ಇವರಿಗೇನು ಗೊತ್ತು? ಆಲಾಪನೆಗೆ ಮಿಕ್ಸಿ ಶ್ರುತಿ ಹಿಡಿದಿರುತ್ತದೆ. ಅನುಪಲ್ಲವಿಗೆ ಕುಕ್ಕರಿನ ಮೂರನೇ ಕೂಗು. ಸ್ವರಪ್ರಸ್ತಾರದ ಹೊತ್ತಿಗೆ ಕಸದ ಆಟೋ ತನ್ನ ಹಾಡು ಹಾಕಿಕೊಂಡು ಬಾಗಿಲಿಗೆ ಬರುತ್ತದೆ. ಮೃದಂಗದ ತನಿ ಶುರುವಾದರೆ ಸಭೆಯಲ್ಲಿ ಜನ ಕಾಫಿಗೆ ಏಳುತ್ತಾರೆ. ನಾನು ಸ್ನಾನಕ್ಕೆ ಏಳುತ್ತೇನೆ.

ಇನ್ನು ಈ ಅಭಿಪ್ರಾಯ ಹೇಳುವವರ ಮಾತುಗಳು! ದಿವ್ಯ, ಅಲೌಕಿಕ, ಮೈ ಜುಮ್ಮೆಂದಿತು. ಸ್ವೆಟರು, ಮಫ್ಲರು, ಮಂಕಿಕ್ಯಾಪು ಹಾಕಿಕೊಂಡು ನಿಂತಿರುವ ಮೈ ಎಲ್ಲಿಂದ ಜುಮ್ಮೆನ್ನಬೇಕು? ಕೇಳಿದ್ದನ್ನು ಕೇಳಿದವರೇ ಒಂದೆರಡು ದಿನ ಇಟ್ಟುಕೊಂಡರೆ ಏನು ಗಂಟು ಹೋಗುತ್ತೆ?

ನನ್ನ ಸೋದರಮಾವನಿಗೂ ಹೀಗೆ ಹೇಳುವ ಚಟ ಇತ್ತು. ಹನುಮಂತನಗರದ ಅವರ ಮನೆಯಲ್ಲಿ ಒಂದು ಟೇಪ್‌ರೆಕಾರ್ಡರ್. ಅದರಲ್ಲಿ ಹೆಚ್ಚಾಗಿ ಓಡುತ್ತಿದ್ದುದು ಕರ್ನಾಟಕ ಸಂಗೀತದ ಗಾಯಕ ಎಂ. ಡಿ. ರಾಮನಾಥನ್ ಅವರ ಒಂದೇ ಕ್ಯಾಸೆಟ್. ರಾಮನಾಥನ್ 1984ರಲ್ಲಿ ತೀರಿಕೊಂಡರು. ಮಾವ ಕ್ಯಾಸೆಟ್ ಕೊಂಡದ್ದು ಅದಾದ ಮೇಲೆ. ಭಾನುವಾರ ಊಟ ಮುಗಿಸಿ, ಆರಾಮಕುರ್ಚಿಯಲ್ಲಿ ಒರಗಿ, ತೊಡೆಯ ಮೇಲೆ ಕೈಯಿಟ್ಟು ಸಹಾನ ರಾಗ ಹಾಕುವರು. "ಕೇಳೋ ಇಲ್ಲಿ. ಏನು ಗಾಂಭೀರ್ಯ! ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋದ್ರೊಳಗೆ ನೀನು ಗಾಂಧಿ ಬಜಾರಿಗೆ ಹೋಗಿ ಬರಬಹುದು." ಅತ್ತೆ ಒಳಗಿನಿಂದ, "ಪಾಪ, ಅವರಿಗೆ ನಿದ್ದೆ ಬರ್ತಿದೆ ಅಷ್ಟೇ," ಅನ್ನುವರು.

ರಾಮನವಮಿ ಬಂದರೆ ಮಾವ ಚಾಮರಾಜಪೇಟೆಯ ಫೋರ್ಟ್ ಹೈಸ್ಕೂಲ್ ಮೈದಾನಕ್ಕೆ ತಪ್ಪದೆ ಹೋಗುತ್ತಿದ್ದರು. 1939ರಲ್ಲಿ ಶುರುವಾದ ಸಂಗೀತೋತ್ಸವ, ಎಂಥೆಂಥವರೋ ಹಾಡಿದ ಚಪ್ಪರ. ಮಾವ ಮಾತ್ರ ಮುಖ ಸಿಂಡರಿಸಿಕೊಂಡೇ ವಾಪಸ್ ಬರುವರು. "ಎಲ್ಲರಿಗೂ ಅವಸರ ಕಣೋ. ಬಸ್ ತಪ್ಪತ್ತೆ ಅನ್ನೋ ಹಾಗೆ ಹಾಡ್ತಾರೆ." ಹೀಗೆ ವರ್ಷಗಟ್ಟಲೆ. ಒಮ್ಮೆ ಮನೆಗೆ ಬಂದ ನೆಂಟರೊಬ್ಬರು ಜಿ. ಎನ್. ಬಾಲಸುಬ್ರಹ್ಮಣ್ಯಂ ಕ್ಯಾಸೆಟ್ ತಂದು ಹಾಕಿದರು. ಬಿರ್ಕಾಗಳು, ಅಂದರೆ ಸರಸರನೆ ಉರುಳುವ ಸ್ವರಗಳು, ಮಳೆಯ ಹಾಗೆ ಸುರಿಯಬೇಕಾದ ಕಡೆ ಸೋರುವ ನಲ್ಲಿಯ ಹಾಗೆ ತೊಟ್ಟಿಕ್ಕಿದವು. "ಅವತ್ತು ಅವರಿಗೆ ಹುಷಾರಿರಲಿಲ್ವೇನೋ," ಅಂದರು ನೆಂಟರು. ಮಾವನಿಗೆ ಆಗಲೂ ಅನುಮಾನ ಬರಲಿಲ್ಲ.

ಕೊನೆಗೊಂದು ದಿನ ಟೇಪ್‌ರೆಕಾರ್ಡರ್ ಪೂರ್ತಿ ನಿಂತಿತು. ಎಸ್.ಪಿ. ರೋಡಿಗೆ ಹೊತ್ತುಕೊಂಡು ಹೋದವನು ನಾನು. ರಿಪೇರಿಯವನು ಹಿಂದಿನ ಮುಚ್ಚಳ ಬಿಚ್ಚಿ, ಒಳಗಿಂದ ಟೇಪು ಓಡಿಸುವ ಒಂದು ಕಪ್ಪು ರಬ್ಬರ್ ಬೆಲ್ಟ್ ಎಳೆದು ಅಂಗೈ ಮೇಲೆ ಹಾಕಿಕೊಂಡ. ಹಳಸಿದ ಶಾವಿಗೆಯ ಹಾಗೆ ಬಿದ್ದುಕೊಂಡಿತ್ತು. "ಯಾವಾಗಿಂದ ಹೀಗೇ ಓಡಿಸ್ತಿದ್ದೀರಾ ಸಾರ್?" ಬೆಲ್ಟ್ ನೂರಕ್ಕೆ ಆರರಷ್ಟು ಜಾರಿದರೆ ಸಾಕು, ಶ್ರುತಿ ಅರ್ಧ ಮನೆ, ಅಂದರೆ ಹಾರ್ಮೋನಿಯಂನ ಪಕ್ಕದ ಕೀಲಿಯಷ್ಟು, ಇಳಿಯುತ್ತದೆ. 45 ನಿಮಿಷದ ಹಾಡುಗಾರಿಕೆ ಹತ್ತಿರಹತ್ತಿರ 48 ನಿಮಿಷ ಎಳೆಯುತ್ತದೆ. ಬೇರೆ ಯಾರದ್ದಾದರೂ ಕ್ಯಾಸೆಟ್ ದಿನಾ ಹಾಕಿದ್ದರೆ ಎಂದೋ ಸಿಕ್ಕಿಬೀಳುತ್ತಿತ್ತು. ಮೊದಲೇ ವಿಳಂಬಕ್ಕೆ ಹೆಸರಾದ ರಾಮನಾಥನ್. ಇನ್ನಷ್ಟು ವಿಳಂಬವಾದರೆ ಅದು ಅವರ ದೊಡ್ಡಸ್ತಿಕೆಯ ಖಾತೆಗೆ ಜಮಾ.

ಹೊಸ ಬೆಲ್ಟ್ ಹಾಕಿಸಿ ತಂದೆ. ಮಾವ ಸಹಾನ ಹಾಕಿದರು. ನಾನು ನೋಡುತ್ತಿದ್ದುದು ಅವರ ಕೈಯನ್ನು. ತೊಡೆಯ ಮೇಲೆ ಆದಿತಾಳ ಹಾಕುತ್ತಿದ್ದ ಕೈ ಪ್ರತಿ ಏಟಿಗೂ ಒಂದು ಕೂದಲೆಳೆ ಹಿಂದೆ ಬೀಳುತ್ತಿತ್ತು. ಎರಡು ಆವರ್ತ ಒದ್ದಾಡಿ ಕೈ ನಿಂತೇಹೋಯಿತು. "ಯಾರೋ ಇದು?" ಅಂದರು. ನಾನು ಬೆಲ್ಟಿನ ಕಥೆ ಹೇಳಿದೆ. ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹಳೇದು ಎಲ್ಲಿ?"

"ಅವನು ಬಿಸಾಕಿದ."

"ಯಾರನ್ನ ಕೇಳಿ ಬಿಸಾಕಿದ?"

ಆ ಸಿಟ್ಟು ರಿಪೇರಿಯವನ ಮೇಲೋ ನನ್ನ ಮೇಲೋ ತಿಳಿಯಲಿಲ್ಲ. ಅವರನ್ನು ಸಮಾಧಾನ ಮಾಡಲು ಹಳೇ ಗ್ರಾಮಫೋನ್ ಪ್ಲೇಟುಗಳ ವಿಷಯ ತೆಗೆದೆ. 1902ರಲ್ಲಿ ಕೋಲ್ಕತ್ತಾದಲ್ಲಿ ಗಾಯಕಿ ಗೌಹರ್ ಜಾನ್ ಮೂರೇ ನಿಮಿಷದಲ್ಲಿ ಹಾಡು ಮುಗಿಸಿ, ಕೊನೆಗೆ ತಮ್ಮ ಹೆಸರು ತಾವೇ ಹೇಳಿ ಪ್ಲೇಟ್ ಕೊಡುತ್ತಿದ್ದ ಕಾಲ ಅದು. ನಿಮಿಷಕ್ಕೆ 78 ಸುತ್ತು ಅಂತ ನಾವು ಕರೆದರೂ ಆಗಿನವೆಲ್ಲ ಸರಿಯಾಗಿ 78ಕ್ಕೇ ಸುತ್ತಿದವಲ್ಲ. ನಿಜವಾದ ಶ್ರುತಿ ಯಾವುದಿತ್ತು ಅಂತ ಕೇಳುವವರು ಊಹಿಸಬೇಕು. ಮಾವ ಪೂರ್ತಿ ಕೇಳಿಸಿಕೊಂಡು, "ಗೌಹರ್ ಜಾನ್ ವಿಷಯ ನಾನು ಕೇಳಿದ್ನಾ?" ಅಂದರು.

ಆ ಕ್ಯಾಸೆಟ್ ಮತ್ತೆ ಹಾಕಿದ್ದನ್ನು ನಾನು ನೋಡಲಿಲ್ಲ.

ನನಗೂ ಒಂದು ರೋಗ ಅಂಟಿತು. ಇವತ್ತಿಗೂ ಯಾರು ಸಹಾನ ಹಾಡಿದರೂ ಏನೋ ಜಾಸ್ತಿ ಚುರುಕಾಗಿದೆ ಅನ್ನಿಸುತ್ತದೆ. ಮೊನ್ನೆ ಪಾರ್ಕಿನ ಕಾರಂಜಿಯ ಹತ್ತಿರ ಬ್ಯಾಂಕಿನವರು ಅಡ್ಡ ಸಿಕ್ಕರು. ಅವತ್ತಿನ ಲಿಂಕೂ ಸಹಾನವೇ. ಅರ್ಧ ಕೇಳಿದ್ದೆ, ಇನ್ನರ್ಧ ಮಿಕ್ಸಿ ಕೇಳಿತ್ತು. "ಹೇಗನ್ನಿಸ್ತು?"

"ಯಾಕೋ ಸ್ವಲ್ಪ ಅವಸರ ಅನ್ನಿಸ್ತು," ಅಂದುಬಿಟ್ಟೆ.

ಅವರು ನಿಂತರು. ಮಫ್ಲರ್ ಕಿವಿಯಿಂದ ಕೆಳಗಿಳಿಸಿದರು. "ಎಷ್ಟು ಸೂಕ್ಷ್ಮವಾಗಿ ಕೇಳ್ತೀರಿ ಸ್ವಾಮಿ! ನನಗೂ ಹಾಗೇ ಅನ್ನಿಸಿತ್ತು, ಹೇಳೋಕೆ ಧೈರ್ಯ ಬರಲಿಲ್ಲ."

ಈಗ ದಿನಕ್ಕೆ ಎರಡು ಲಿಂಕ್ ಬರುತ್ತಿವೆ.