ಚಿಗರಿ ಓಡುವ ದಾರಿಯಲ್ಲೇ ಮನೆ ಸಿಗಲಿ

ಹುಬ್ಬಳ್ಳಿ-ಧಾರವಾಡದ ಹೊಗೆಯ ಮಾತು ಬಂದಾಗಲೆಲ್ಲ ಚರ್ಚೆ ವಾಹನಗಳ ಸುತ್ತಲೇ ತಿರುಗುತ್ತದೆ. ಎಲೆಕ್ಟ್ರಿಕ್ ಸ್ಕೂಟರ್ ಬರಲಿ, ರಸ್ತೆ ಅಗಲವಾಗಲಿ ಎನ್ನುತ್ತಾರೆ. ಮನೆಗಳ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಆದರೆ ಎಷ್ಟು ಪೆಟ್ರೋಲ್ ಉರಿಯಬೇಕು ಎಂಬುದು ಬಡಾವಣೆಯ ನಕ್ಷೆಗೆ ಮಂಜೂರಾತಿ ಸಿಕ್ಕ ದಿನವೇ ಹೆಚ್ಚುಕಡಿಮೆ ತೀರ್ಮಾನವಾಗಿರುತ್ತದೆ.

ನಾನು ಇರುವುದು ಅಹಮದಾಬಾದಿನಲ್ಲಿ. ಇಲ್ಲಿ ಜನಮಾರ್ಗ ಬಿಆರ್‌ಟಿಎಸ್, ಅಂದರೆ ತನ್ನದೇ ಪಥದಲ್ಲಿ ಓಡುವ ವೇಗದ ಬಸ್ ಸೇವೆ, 2009ರಲ್ಲಿ ಶುರುವಾಯಿತು. ಅಂಥದ್ದೇ ಸೇವೆಯಾದ ನಮ್ಮ ಹುಬ್ಬಳ್ಳಿ-ಧಾರವಾಡದ ಚಿಗರಿ 2018ರಲ್ಲಿ ರಸ್ತೆಗಿಳಿಯಿತು. ಬಸ್ಸಿನ ವಿಷಯದಲ್ಲಿ ನಾವೇನೂ ಹಿಂದೆ ಬಿದ್ದಿಲ್ಲ. ಸುಮಾರು 22 ಕಿಲೋಮೀಟರ್ ಉದ್ದಕ್ಕೆ ನಡುರಸ್ತೆಯಲ್ಲಿ ಪ್ರತ್ಯೇಕ ಪಥ ನಮಗಿದೆ. ಅದನ್ನು ಕಂಡರೆ ನನಗೆ ಇಂದಿಗೂ ಹೆಮ್ಮೆ. ನಾವು ಹಿಂದೆ ಬಿದ್ದಿರುವುದು ಆ ಪಥದ ಅಕ್ಕಪಕ್ಕದ ನೆಲದ ವಿಷಯದಲ್ಲಿ.

ಅಹಮದಾಬಾದಿನ ಅಭಿವೃದ್ಧಿ ಯೋಜನೆಯಲ್ಲಿ ಬಿಆರ್‌ಟಿಎಸ್ ಮತ್ತು ಮೆಟ್ರೋ ಮಾರ್ಗದ ಎರಡೂ ಬದಿಗೆ 200 ಮೀಟರ್‌ವರೆಗಿನ ಪಟ್ಟಿಯನ್ನು ಬೇರೆಯಾಗಿಯೇ ಗುರುತಿಸಿದ್ದಾರೆ. ಶುಲ್ಕ ತೆತ್ತವರು ಅಲ್ಲಿ ಎಲ್ಲ ಮಹಡಿ ಸೇರಿ ನಿವೇಶನದ ನಾಲ್ಕು ಪಟ್ಟು ವಿಸ್ತೀರ್ಣದವರೆಗೆ ಕಟ್ಟಬಹುದು. ಊರು ಹೊಲದೊಳಗೆ ಬೆಳೆಯುವಾಗಲೂ ಒಂದು ಕ್ರಮವಿದೆ: ಅಕ್ಕಪಕ್ಕದ ಜಮೀನುಗಳನ್ನೆಲ್ಲ ಒಟ್ಟು ಸೇರಿಸಿ, ರಸ್ತೆ, ಶಾಲೆ, ಉದ್ಯಾನಕ್ಕೆ ಜಾಗ ಬಿಡಿಸಿಕೊಂಡು, ಉಳಿದದ್ದನ್ನು ನಿವೇಶನಗಳಾಗಿ ಒಡೆಯರಿಗೇ ಮರಳಿಸುತ್ತಾರೆ. ಗುಜರಾತಿನ 1976ರ ಕಾಯ್ದೆ ಹೀಗೆ ಬಿಡಿಸಿದ ನೆಲದಲ್ಲಿ ಬಡವರ ಮನೆಗಳಿಗೂ ಪಾಲು ಇಡಲು ಅವಕಾಶ ಕೊಟ್ಟಿದೆ.

ನಮ್ಮಲ್ಲಿ? ಒಂದು ಎರೆ ಹೊಲ ಎನ್‌ಎ (ಕೃಷಿಯೇತರ ಜಮೀನು) ಆಗುತ್ತದೆ, ಬಾಗಿಲಿಗೊಂದು ಕಮಾನು ಏಳುತ್ತದೆ. ಧಾರವಾಡದ ಹೊರವಲಯದಲ್ಲಿ ನನ್ನ ತಮ್ಮ ಮನೆ ಕಟ್ಟಿರುವ ಬಡಾವಣೆ ಅಂಥದ್ದೇ. ಒಳಗಿನ ಡಾಂಬರು ರಸ್ತೆ ನೇರ ಹೋಗಿ ಪಕ್ಕದ ಹೊಲದ ಬದುವಿಗೆ ನಿಂತುಬಿಡುತ್ತದೆ. ಆಚೆ ಮತ್ತೊಂದು ಬಡಾವಣೆ ಕಣ್ಣಿಗೇ ಕಾಣುತ್ತದೆ, ಆದರೆ ದಾರಿಯಿಲ್ಲ. ಅರ್ಧದಷ್ಟು ನಿವೇಶನಗಳಲ್ಲಿ ಕಾಂಗ್ರೆಸ್ ಕಸ ಬೆಳೆದಿದೆ. ಅವನ್ನು ಕೊಂಡವರು ಬೆಲೆ ಏರಲೆಂದು ಕಾಯುತ್ತಿದ್ದಾರೆ. ಇದ್ದಷ್ಟು ಮನೆಗಳ ಮುಂದೆ ಎರಡೆರಡು ಬೈಕ್. ಹಾಲು, ಕೊತ್ತಂಬರಿ, ಮಗಳ ಟ್ಯೂಷನ್, ಎಲ್ಲದಕ್ಕೂ ಕಿಕ್ ಹೊಡೆಯಲೇಬೇಕು. ಚಿಗರಿ ನಿಲ್ದಾಣಕ್ಕೆ ಹೋಗಲೂ ಬೈಕೇ ಬೇಕೆಂದಮೇಲೆ ಅದೇ ಬೈಕಿನಲ್ಲಿ ಹುಬ್ಬಳ್ಳಿಯವರೆಗೂ ಹೋಗಿಬಿಡುತ್ತಾನೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಇದಕ್ಕೆ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಅವನ ಸಂಬಳಕ್ಕೆ ನಿವೇಶನ ಸಿಕ್ಕಿದ್ದೇ ಅಲ್ಲಿ.

ಹುಬ್ಬಳ್ಳಿಯ ದುರ್ಗದ ಬೈಲಿನ ಸುತ್ತಮುತ್ತ ಕೆಳಗೆ ಅಂಗಡಿ, ಮೇಲೆ ಮನೆ ಇಟ್ಟುಕೊಂಡು ಬದುಕಿದವರು ನಾವೇ. ಒತ್ತಾಗಿ ಬಾಳುವುದು ನಮಗೆ ಹೊಸದಲ್ಲ.

ಅಹಮದಾಬಾದನ್ನು ಹಾಗೆಯೇ ತಂದು ನೆಡಿರೆಂದು ಹೇಳುತ್ತಿಲ್ಲ. ಇಲ್ಲಿಯೂ ಸ್ಕೂಟರುಗಳ ಹೊಳೆಯೇ ಹರಿಯುತ್ತದೆ. ಬಸ್ ಮಾರ್ಗದ ಬದಿಯ ಎತ್ತರದ ಕಟ್ಟಡಗಳಲ್ಲಿ ದುಬಾರಿ ಫ್ಲ್ಯಾಟುಗಳೇ ಹೆಚ್ಚು. ಅವನ್ನು ಕೊಳ್ಳುವವರಿಗೆ ಕಾರಿದೆ, ಬಸ್ ಬೇಕಾದವರಿಗೆ ಅಲ್ಲಿ ಮನೆಯಿಲ್ಲ. ನಮ್ಮಲ್ಲಿ ಈ ತಪ್ಪು ಆಗಕೂಡದು. ಉಣಕಲ್, ನವನಗರ, ರಾಯಾಪುರ, ಸತ್ತೂರಿನ ನಿಲ್ದಾಣಗಳಿಗೆ ನಡೆದು ಹೋಗುವಷ್ಟು ದೂರದಲ್ಲಿ ಹೆಚ್ಚು ಮಹಡಿಗೆ ಅನುಮತಿ ಕೊಡುವುದಾದರೆ, ಅದರಲ್ಲಿ ಒಂದು ಪಾಲು ಸಣ್ಣ ಮನೆಗಳಿರಬೇಕು, ಬಾಡಿಗೆಗೂ ಸಿಗಬೇಕು ಎಂಬ ಷರತ್ತು ಅನುಮತಿಯ ಜೊತೆಗೇ ಬರಲಿ. ಹೊಸ ಬಡಾವಣೆಯ ಅರ್ಜಿ ಬಂದಾಗ ಪಕ್ಕದ ಬಡಾವಣೆಗೆ ರಸ್ತೆ ಕೂಡುತ್ತದೆಯೇ, ಬಸ್ ನಿಲ್ದಾಣ ಎಷ್ಟು ದೂರ ಎಂದು ಕೇಳಲಿ. ಉತ್ತರ ಸರಿಯಿಲ್ಲದಿದ್ದರೆ ನಕ್ಷೆಯನ್ನು ವಾಪಸ್ ಕಳಿಸಲಿ.