ಶೇಕಡಾ 97ಕ್ಕೆ ಬಂದು ನಿಂತ ಡಿವಿಡಿ

ಮನೆಯಲ್ಲಿ ಹಳೆಯ ವಿಡಿಯೋಗಳ ಡಿವಿಡಿ ಒಂದು ಡಬ್ಬ ತುಂಬ ಇವೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ, ಕುಗ್ಗಿಸಿ ಇಟ್ಟುಕೊಂಡರೆ ಆಯ್ತು ಅಂದುಕೊಂಡೆ. ಒಂದು ಭಾನುವಾರದ ಕೆಲಸ ಅಲ್ವಾ? ಮೂರು ಭಾನುವಾರ ಹೋಯಿತು.

ಮೊದಲು ಡ್ರೈವೇ ಇಲ್ಲ. ಈಗಿನ ಲ್ಯಾಪ್‌ಟಾಪಿಗೆ ಡಿವಿಡಿ ಅಂದರೆ ಏನು ಅಂತಲೇ ಗೊತ್ತಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ತಂದೆ. ಡಿಸ್ಕ್ ತೆರೆದರೆ ಒಂದೇ ವಿಡಿಯೋ 1 ಜಿಬಿಯ ತುಂಡು ತುಂಡು ವಿಒಬಿ ಅನ್ನುವ ಡಿವಿಡಿ ಫೈಲುಗಳಾಗಿ ಕೂತಿದೆ. ಸರಿ, ವಿಡಿಯೋ ಕುಗ್ಗಿಸುವ ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರಿಗೆ ಕೊಟ್ಟೆ. ಡಿವಿಡಿಯ ಹಳೆಯ ಕುಗ್ಗಿಸುವ ವಿಧಾನ ಎಂಪೆಗ್-2ರಲ್ಲಿ 4 ಜಿಬಿ ಇದ್ದದ್ದು, ಅದಕ್ಕಿಂತ ಹೊಸದಾದ ಎಚ್.264ರಲ್ಲಿ 1 ಜಿಬಿಗೆ ಇಳಿಯಿತು. ಖುಷಿಯಾಯಿತು. ಹಾಕಿ ನೋಡಿದರೆ, ಯಾರಾದರೂ ಕೈ ಆಡಿಸಿದ ಕಡೆಯೆಲ್ಲ ಬಾಚಣಿಗೆ ಹಲ್ಲಿನಂಥ ಗೆರೆಗಳು! ಇಂಟರ್‌ಲೇಸ್ಡ್ ವಿಡಿಯೋ, ಅಂದರೆ ಒಂದು ಬಿಟ್ಟು ಒಂದು ಗೆರೆಯಾಗಿ ಎರಡು ಕಂತಿನಲ್ಲಿ ಚಿತ್ರ ತೋರಿಸುವಂಥದ್ದು; ಅದನ್ನು ಸರಿಮಾಡುವ ಡಿಇಂಟರ್‌ಲೇಸ್ ಆನ್ ಮಾಡಬೇಕಿತ್ತಂತೆ. ಇನ್ನೂ ಹೊಸ ವಿಧಾನ ಎಚ್.265 ಹಾಕಿದರೆ ಸೈಜ್ ಇನ್ನೂ ಕಡಿಮೆ, ಸಮಯ ಇನ್ನೂ ಜಾಸ್ತಿ. ನಾನು ಅದರ ತಂಟೆಗೆ ಹೋಗಲಿಲ್ಲ.

ನಿಜವಾದ ಸಂಕಟ ಗೀರುಗಳದ್ದು. ಶೇಕಡಾ 97ರ ತನಕ ಸಲೀಸಾಗಿ ಓಡುತ್ತದೆ. ಆಮೇಲೆ ಡ್ರೈವ್ ಕರ್ ಕರ್ ಅನ್ನುತ್ತದೆ. ಓದಲಾಗದ ಜಾಗವನ್ನೇ ಮತ್ತೆ ಮತ್ತೆ ಓದಲು ನೋಡುತ್ತದೆ, ಹಠಮಾರಿ. ನಾನು ತೆಗೆದು, ಮೆತ್ತನೆ ಬಟ್ಟೆಯಲ್ಲಿ ಒಳಗಿನಿಂದ ಅಂಚಿನ ಕಡೆಗೆ ಒರೆಸಿ, ಮತ್ತೆ ಹಾಕುತ್ತೇನೆ. ಮತ್ತೆ 97. ಕಡೆಯ ಆ ಐದು ನಿಮಿಷದಲ್ಲೇ ಅಜ್ಜಿ ಹಾಡುವುದು.

ಇನ್ನೂ ಹನ್ನೊಂದು ಡಿಸ್ಕ್ ಬಾಕಿ ಇವೆ. ಅವುಗಳ ಮೇಲೆ ಹೆಸರು ಬರೆದಿಡದ ಪುಣ್ಯಾತ್ಮನೂ ನಾನೇ.